ಗ್ರೇಟರ್ ನೋಯ್ಡಾದ ಗಾಳಿ ಯಾವ ಚಾರ್ಟಿನಲ್ಲಿ ಕಾಣುತ್ತದೆ?

ದೀಪಾವಳಿ ಹತ್ತಿರ ಬಂತೆಂದರೆ ಗ್ರೇಟರ್ ನೋಯ್ಡಾದ ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಚಾರ್ಟುಗಳು ಹರಿದಾಡತೊಡಗುತ್ತವೆ. ಒಬ್ಬರು ಕೆಂಪು ಕಂಬಗಳ ಚಿತ್ರ ಹಾಕುತ್ತಾರೆ, ಇನ್ನೊಬ್ಬರು ಏರಿಳಿಯುವ ಗೆರೆ, ಮತ್ತೊಬ್ಬರು ಬಣ್ಣಬಣ್ಣದ ಹೋಳುಗಳ ವೃತ್ತ. ಎಲ್ಲವೂ ಒಂದೇ ಗಾಳಿಯ ಬಗ್ಗೆ. ಕೆಲಸಕ್ಕೆಂದು ಕರ್ನಾಟಕದಿಂದ ಬಂದು ಆಲ್ಫಾ, ಬೀಟಾ, ಗಾಮಾ ಸೆಕ್ಟರುಗಳಲ್ಲೋ ಗ್ರೇಟರ್ ನೋಯ್ಡಾ ವೆಸ್ಟ್‌ನ ಎತ್ತರದ ಟವರುಗಳಲ್ಲೋ ನೆಲೆಸಿದ ಮನೆಯವರಿಗೆ ಬೇಕಿರುವುದು ನಾಲ್ಕಾರು ಪ್ರಶ್ನೆಗಳಿಗೆ ಉತ್ತರ. ಮಗುವನ್ನು ಎಷ್ಟು ಹೊತ್ತಿಗೆ ಆಟಕ್ಕೆ ಬಿಡಬಹುದು? ಹೋದ ವರ್ಷಕ್ಕಿಂತ ಈ ವರ್ಷ ಹದಗೆಟ್ಟಿದೆಯೆ? ಊರಿನಿಂದ ಅಪ್ಪ ಅಮ್ಮನನ್ನು ಯಾವ ತಿಂಗಳು ಕರೆಸಿಕೊಳ್ಳುವುದು ಒಳ್ಳೆಯದು? ಅಷ್ಟೆಲ್ಲ ಚಾರ್ಟು ನೋಡಿದ ಮೇಲೂ ಈ ಪ್ರಶ್ನೆಗಳು ಹಾಗೇ ಉಳಿದಿರುತ್ತವೆ.

ಚಾರ್ಟೆಂದರೆ ಒಂದು ಪ್ರಶ್ನೆಗೆ ಕಣ್ಣಿಗೆ ಕಾಣುವಂತೆ ಕೊಟ್ಟ ಉತ್ತರ. ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳದೆ ಎಕ್ಸೆಲ್ ತೆರೆದರೆ, ಮೆನುವಿನಲ್ಲಿ ಮೊದಲು ಕಂಡ ಚಿತ್ರವೇ ನಮ್ಮ ಚಾರ್ಟಾಗಿಬಿಡುತ್ತದೆ. ಹಾಗಾಗಿ ಇಲ್ಲಿ ಗ್ರೇಟರ್ ನೋಯ್ಡಾದ ಗಾಳಿಯ ಅಂಕಿಗಳನ್ನೇ ಮುಖ್ಯವಾಗಿ ಇಟ್ಟುಕೊಂಡು, ಪ್ರಶ್ನೆ ಬದಲಾದಂತೆ ಚಾರ್ಟು ಹೇಗೆ ಬದಲಾಗಬೇಕೆಂದು ನೋಡೋಣ. ಗಾಳಿಯ ಅಂಕಿ ಸಾಲದಿರುವ ಕಡೆ ಜನಗಣತಿಯ ಅಂಕಿಗಳಿವೆ.

ಮೊದಲು ಅಂಕಿಯನ್ನು ಅರಿಯಬೇಕು

ಉತ್ತರ ಪ್ರದೇಶ ಮಾಲಿನ್ಯ ನಿಯಂತ್ರಣ ಮಂಡಳಿ ಗ್ರೇಟರ್ ನೋಯ್ಡಾದ ನಾಲೆಡ್ಜ್ ಪಾರ್ಕ್-3 ಮತ್ತು ನಾಲೆಡ್ಜ್ ಪಾರ್ಕ್-5ರಲ್ಲಿ ಗಾಳಿಯ ಗುಣಮಟ್ಟ ಅಳೆಯುವ ಕೇಂದ್ರಗಳನ್ನು ಇಟ್ಟಿದೆ. ಅಲ್ಲಿನ ಅಳತೆಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಿಂದ ಯಾರು ಬೇಕಾದರೂ ಗಂಟೆಗಂಟೆಯ ಲೆಕ್ಕದಲ್ಲಿ ಇಳಿಸಿಕೊಳ್ಳಬಹುದು. ಮಂಡಳಿಯ 'ಸಮೀರ್' ಆ್ಯಪ್ ದಿನದ ಸೂಚ್ಯಂಕವನ್ನು ಮೊಬೈಲಿಗೇ ಕೊಡುತ್ತದೆ.

ಈ ಸೂಚ್ಯಂಕವೇ ಎಕ್ಯೂಐ. ಭಾರತದಲ್ಲಿ ಇದು 2015ರಲ್ಲಿ ಬಂತು. ಎಂಟು ಮಾಲಿನ್ಯಕಾರಕಗಳಲ್ಲಿ ಲಭ್ಯವಿರುವವಕ್ಕೆ ಒಂದೊಂದು ಉಪಸೂಚ್ಯಂಕ ಲೆಕ್ಕ ಹಾಕಿ, ಅವುಗಳಲ್ಲಿ ಅತಿ ಹೆಚ್ಚಿನದನ್ನು ಆ ದಿನದ ಎಕ್ಯೂಐ ಎನ್ನುತ್ತಾರೆ. ಇಲ್ಲಿ ಚಳಿಗಾಲದಲ್ಲಿ ಆ ಸ್ಥಾನ ಸಾಮಾನ್ಯವಾಗಿ ಪಿಎಂ 2.5 ಎಂಬ ಅತಿ ಸಣ್ಣ ಕಣಗಳದ್ದು.

ಚಾರ್ಟು ಮಾಡುವವರು ಇಲ್ಲೇ ಎಡವುವುದು. ಪಿಎಂ 2.5 ಘನ ಮೀಟರಿಗೆ 60 ಮೈಕ್ರೋಗ್ರಾಂ ಇದ್ದರೆ ಎಕ್ಯೂಐ 100. ಅದು 90ಕ್ಕೆ ಏರಿದರೆ 200, 120ಕ್ಕೆ ಏರಿದರೆ 300. ಆದರೆ 400 ಮುಟ್ಟಲು 250 ಮೈಕ್ರೋಗ್ರಾಂ ಬೇಕು. ಅಂದರೆ 200ರಿಂದ 300ಕ್ಕೆ ಹೋಗಲು 30 ಮೈಕ್ರೋಗ್ರಾಂ ಸಾಕು, 300ರಿಂದ 400ಕ್ಕೆ ಹೋಗಲು 130 ಬೇಕು. ಎಕ್ಯೂಐ 400 ಇರುವ ದಿನ 200 ಇರುವ ದಿನದ 'ಎರಡರಷ್ಟು' ಮಲಿನ ಎಂದು ಕಂಬ ಎಳೆದು ತೋರಿಸಿದರೆ ಅದು ಸುಳ್ಳು. ಕಣಗಳ ಲೆಕ್ಕದಲ್ಲಿ ಅದು ಸುಮಾರು 2.8 ಪಟ್ಟು. 'ಎಷ್ಟು ಪಟ್ಟು' ಎಂಬ ಪ್ರಶ್ನೆ ಇದ್ದರೆ ಪಿಎಂ 2.5ರ ಮೈಕ್ರೋಗ್ರಾಂ ಅಂಕಿಯನ್ನೇ ಚಾರ್ಟಿಗೆ ಹಾಕಬೇಕು. 'ಯಾವ ನಿರ್ಬಂಧ ಬರಬಹುದು' ಎಂಬ ಪ್ರಶ್ನೆಗೆ ಮಾತ್ರ ಎಕ್ಯೂಐ ಸರಿ. ಏಕೆಂದರೆ ರಾಜಧಾನಿ ವಲಯದಲ್ಲಿ ಮಾಲಿನ್ಯ ಏರಿದಂತೆ ಹಂತ ಹಂತವಾಗಿ ಜಾರಿಯಾಗುವ ಗ್ರ್ಯಾಪ್ ನಿರ್ಬಂಧಗಳ ನಾಲ್ಕು ಹಂತಗಳನ್ನು ಕಟ್ಟಿರುವುದೇ ದೆಹಲಿಯ ಎಕ್ಯೂಐ ಮೇಲೆ: 200, 300, 400 ಮತ್ತು 450 ದಾಟಿದಾಗ ಒಂದೊಂದು ಹಂತ.

ಇನ್ನೊಂದು ಎಚ್ಚರ. ಕೆಲವು ಖಾಸಗಿ ಆ್ಯಪ್‌ಗಳು ಅಮೆರಿಕದ ಸೂಚ್ಯಂಕ ತೋರಿಸುತ್ತವೆ. ಅದರಲ್ಲಿ ಎಕ್ಯೂಐ 100 ಎಂದರೆ ಪಿಎಂ 2.5 ಸುಮಾರು 35 ಮೈಕ್ರೋಗ್ರಾಂ, ನಮ್ಮದರಲ್ಲಿ 60. ನಮ್ಮ ಸೂಚ್ಯಂಕ 500ಕ್ಕೆ ನಿಲ್ಲುತ್ತದೆ, ಆ ಆ್ಯಪ್‌ಗಳಲ್ಲಿ ಅಂಕಿ ಅದನ್ನೂ ದಾಟುವುದುಂಟು. ಎರಡರ ಅಂಕಿಗಳನ್ನು ಬೆರೆಸಿ ಒಂದೇ ಚಾರ್ಟು ಮಾಡಬಾರದು.

ಕಾಲದ ಪ್ರಶ್ನೆಗೆ ಗೆರೆ

'ಹೋದ ವರ್ಷಕ್ಕಿಂತ ಹೇಗಿದೆ?' ಎಂಬುದು ಕಾಲದ ಪ್ರಶ್ನೆ. ಅದಕ್ಕೆ ಲೈನ್ ಚಾರ್ಟ್. ಅಡ್ಡ ಅಕ್ಷದಲ್ಲಿ ದಿನ, ಲಂಬ ಅಕ್ಷದಲ್ಲಿ ಅಳತೆ, ಬಿಂದುಗಳನ್ನು ಸೇರಿಸುವ ಗೆರೆ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಇಂಗ್ಲೆಂಡಿನ ಆಮದು ರಫ್ತುಗಳನ್ನು ಗೆರೆಗಳಲ್ಲಿ ಬರೆದು ಪುಸ್ತಕ ಮಾಡಿದ. ಇಂದಿನ ಪತ್ರಿಕೆಯ ಷೇರುಪೇಟೆ ಗೆರೆಯವರೆಗೂ ಅದೇ ಮಾದರಿ ನಡೆದುಬಂದಿದೆ.

365 ದಿನಗಳ ಅಳತೆಯನ್ನು ಹಾಗೇ ಎಳೆದರೆ ಗರಗಸದ ಹಲ್ಲಿನಂತಹ ಗೆರೆ ಬರುತ್ತದೆ. ದಿನದ ಅಳತೆಯನ್ನು ತೆಳು ಬೂದುಬಣ್ಣದಲ್ಲಿಟ್ಟು, ಏಳು ದಿನದ ಸರಾಸರಿಯನ್ನು ದಪ್ಪ ಗೆರೆಯಾಗಿ ಮೇಲೆ ಎಳೆಯಿರಿ. ಒಟ್ಟು ಚಲನೆಯೂ ಕಾಣುತ್ತದೆ, ಕೆಟ್ಟ ದಿನಗಳೂ ಮರೆಯಾಗುವುದಿಲ್ಲ. ಅಳತೆ ಯಂತ್ರ ಕೆಲವೊಮ್ಮೆ ದಿನಗಟ್ಟಲೆ ಅಂಕಿ ಕೊಡುವುದಿಲ್ಲ. ಆ ಜಾಗದಲ್ಲಿ ಗೆರೆಯನ್ನು ತುಂಡಾಗಿಯೇ ಬಿಡಬೇಕು. ಎಕ್ಸೆಲ್‌ನಲ್ಲಿ ಖಾಲಿ ಕೋಶಗಳನ್ನು ಏನು ಮಾಡಬೇಕೆಂದು ಕೇಳುವ ಆಯ್ಕೆಯಿದೆ. ಅಲ್ಲಿ 'ಗ್ಯಾಪ್ಸ್' ಆರಿಸಿ. 'ಜೀರೊ' ಆರಿಸಿದರೆ ಜನವರಿಯ ನಡುವೆ ಗಾಳಿ ಥಟ್ಟನೆ ಸ್ವಚ್ಛವಾಗಿಬಿಟ್ಟಂತೆ ಗೆರೆ ನೆಲಕ್ಕೆ ಬೀಳುತ್ತದೆ.

ವರ್ಷಗಳನ್ನು ಹೋಲಿಸುವಾಗ ಜನವರಿಯಿಂದ ಡಿಸೆಂಬರ್ ಎಂಬ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ಉತ್ತರ ಭಾರತದ ಮಲಿನ ಕಾಲ ಅಕ್ಟೋಬರ್ ಕೊನೆಗೆ ಶುರುವಾಗಿ ಫೆಬ್ರುವರಿವರೆಗೆ ಎಳೆಯುತ್ತದೆ. ಕ್ಯಾಲೆಂಡರ್ ವರ್ಷ ಈ ಒಂದೇ ಚಳಿಗಾಲವನ್ನು ಎರಡು ಹೋಳು ಮಾಡಿ ಚಾರ್ಟಿನ ಎರಡು ತುದಿಗೆ ಎಸೆಯುತ್ತದೆ. ಜುಲೈನಿಂದ ಜೂನ್‌ವರೆಗೆ ಅಡ್ಡ ಅಕ್ಷ ಇಟ್ಟರೆ ಮಳೆಗಾಲದ ತಗ್ಗಿನಿಂದ ಹೊರಟು ಚಳಿಗಾಲದ ಗುಡ್ಡವನ್ನು ಪೂರ್ತಿಯಾಗಿ ಒಂದೇ ನೋಟದಲ್ಲಿ ಕಾಣಬಹುದು. ಗೆರೆಗಳ ಸಂಖ್ಯೆ ನಾಲ್ಕು ದಾಟದಿರಲಿ. ಈ ವರ್ಷದ್ದಕ್ಕೆ ಗಾಢ ಬಣ್ಣ, ಹಳೆಯವಕ್ಕೆ ಮಂಕು ಬಣ್ಣ ಕೊಟ್ಟು, ಪ್ರತಿ ಗೆರೆಯ ತುದಿಯಲ್ಲೇ ಇಸವಿ ಬರೆದರೆ ಮೂಲೆಯ ಬಣ್ಣದ ಪಟ್ಟಿಗೂ ಗೆರೆಗೂ ಕಣ್ಣು ಓಡಾಡುವ ಶ್ರಮ ತಪ್ಪುತ್ತದೆ.

ಮಿತಿಯ ಗೆರೆಯನ್ನೂ ಎಳೆಯಬೇಕು. ದಿನದ ಸರಾಸರಿಗೆ ಭಾರತದ ಮಾನದಂಡ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಯಾವುದನ್ನು ಎಳೆದಿರಿ ಎಂಬುದರ ಮೇಲೆ ಅದೇ ಗೆರೆ ಸಾಧಾರಣವೋ ಭಯಾನಕವೋ ಆಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಎರಡನ್ನೂ ಎಳೆದು ಹೆಸರು ಬರೆಯುವುದೇ ಮರ್ಯಾದೆಯ ಕೆಲಸ.

ಹೋಲಿಕೆಗೆ ಕಂಬ, ಕಂಬಕ್ಕೆ ಸೊನ್ನೆ

ಊರು ಊರುಗಳ, ಗುಂಪು ಗುಂಪುಗಳ ಹೋಲಿಕೆಗೆ ಬಾರ್ ಚಾರ್ಟ್, ಶಾಲೆಯ ಪುಸ್ತಕದ ಕಂಬ ನಕ್ಷೆ. ಇದರಲ್ಲಿ ಕಣ್ಣು ಅಳೆಯುವುದು ಕಂಬದ ಉದ್ದವನ್ನು. ಆದ್ದರಿಂದ ಕಂಬ ಸೊನ್ನೆಯಿಂದಲೇ ಏಳಬೇಕು. ಇದಕ್ಕೆ ವಿನಾಯಿತಿ ಇಲ್ಲ.

2011ರ ಜನಗಣತಿಯ ಲಿಂಗಾನುಪಾತ ತೆಗೆದುಕೊಳ್ಳಿ. ಸಾವಿರ ಗಂಡಸರಿಗೆ ಹೆಂಗಸರ ಸಂಖ್ಯೆ ಗ್ರೇಟರ್ ನೋಯ್ಡಾ ಸೇರಿರುವ ಗೌತಮ ಬುದ್ಧ ನಗರ ಜಿಲ್ಲೆಯಲ್ಲಿ 851, ಉತ್ತರ ಪ್ರದೇಶದಲ್ಲಿ 912, ಕರ್ನಾಟಕದಲ್ಲಿ 973. ಲಂಬ ಅಕ್ಷವನ್ನು 840ರಿಂದ ಶುರು ಮಾಡಿ ಮೂರು ಕಂಬ ಎಳೆಯಿರಿ. ಜಿಲ್ಲೆಯ ಕಂಬದ ಎತ್ತರ 11 ಅಂಶ, ಕರ್ನಾಟಕದ್ದು 133. ನೋಡುವವರ ಕಣ್ಣಿಗೆ ಕರ್ನಾಟಕ 12 ಪಟ್ಟು ಮುಂದೆ. ನಿಜವಾದ ವ್ಯತ್ಯಾಸ ಶೇ 14ರಷ್ಟು. ಕರ್ನಾಟಕದವರಾದ ನಮಗೆ ಈ ಚಾರ್ಟು ಹಿತವಾಗಿಯೇ ಕಾಣುತ್ತದೆ, ಅದಕ್ಕೇ ಇನ್ನಷ್ಟು ಅಪಾಯಕಾರಿ.

ಹಾಗಂತ ಸೊನ್ನೆಯಿಂದ ಎಳೆದರೆ ಮೂರೂ ಕಂಬ ಹೆಚ್ಚುಕಡಿಮೆ ಸಮ ಕಾಣುತ್ತವೆ; ಸಾವಿರಕ್ಕೆ 122 ಹೆಂಗಸರ ಅಂತರ ಸಣ್ಣದೇನಲ್ಲ. ಇಂತಲ್ಲಿ ಕಂಬವನ್ನೇ ಬಿಟ್ಟು ಡಾಟ್ ಚಾರ್ಟ್ ಮಾಡಿ. ಅಳತೆಗೋಲಿನ ಮೇಲೆ ಒಂದೊಂದು ಚುಕ್ಕಿ, ಪಕ್ಕದಲ್ಲಿ ಅಂಕಿ, 1,000ದ ಬಳಿ ಸಮಾನತೆಯ ಗೆರೆ. ಚುಕ್ಕಿ ಉದ್ದವನ್ನು ತೋರಿಸುವುದಿಲ್ಲ, ಜಾಗವನ್ನು ತೋರಿಸುತ್ತದೆ. ಆದ್ದರಿಂದ ಅಕ್ಷ 800ರಿಂದ ಶುರುವಾದರೂ ಮೋಸವಿಲ್ಲ.

ಜೋಡಿ ಕಂಬಗಳಲ್ಲಿ ಯಾವುದು ಯಾವುದರ ಪಕ್ಕ ನಿಲ್ಲುತ್ತದೆ ಎಂಬುದೇ ಮುಖ್ಯ. ಅದೇ ಜನಗಣತಿಯ ಸಾಕ್ಷರತೆ ನೋಡಿ. ಗೌತಮ ಬುದ್ಧ ನಗರದಲ್ಲಿ ಗಂಡಸರದು ಶೇ 88.06, ಹೆಂಗಸರದು 70.82. ಕರ್ನಾಟಕದಲ್ಲಿ 82.47 ಮತ್ತು 68.08. ಉತ್ತರ ಪ್ರದೇಶದಲ್ಲಿ 77.28 ಮತ್ತು 57.18. ಹೆಂಗಸರ ಮೂರು ಕಂಬಗಳನ್ನು ಒಟ್ಟಿಗೆ ನಿಲ್ಲಿಸಿದರೆ ಈ ಜಿಲ್ಲೆ ಕರ್ನಾಟಕಕ್ಕಿಂತ ತುಸು ಮುಂದಿದೆ. ಪ್ರತಿ ಊರಿನ ಗಂಡು ಹೆಣ್ಣು ಕಂಬಗಳನ್ನು ಜೊತೆಗೆ ನಿಲ್ಲಿಸಿದರೆ ಕಥೆ ಬೇರೆ: ಅಂತರ ಇಲ್ಲಿ 17 ಅಂಶ, ಕರ್ನಾಟಕದಲ್ಲಿ 14, ಉತ್ತರ ಪ್ರದೇಶದಲ್ಲಿ 20. ಎರಡೂ ನಿಜ. ಅಂತರವೇ ನಿಮ್ಮ ವಿಷಯವಾದರೆ ಎರಡು ಚುಕ್ಕಿ ಇಟ್ಟು ನಡುವೆ ಒಂದು ಗೆರೆ ಎಳೆಯಿರಿ, ಡಂಬೆಲ್ ಚಾರ್ಟ್ ಎನ್ನುವುದು ಅದನ್ನೇ. ಅಂತರದ ಉದ್ದ ನೇರವಾಗಿ ಕಾಣುತ್ತದೆ, ಆರು ಕಂಬಗಳಲ್ಲಿ ಮನಸ್ಸಿನಲ್ಲೇ ಕಳೆಯುವ ಲೆಕ್ಕ ತಪ್ಪುತ್ತದೆ.

ಕನ್ನಡದಲ್ಲಿ ಚಾರ್ಟು ಮಾಡುವವರಿಗೆ ಕಂಬಗಳನ್ನು ಅಡ್ಡ ಮಲಗಿಸಿ ಎಂದು ಒತ್ತಿ ಹೇಳಬೇಕು. ನಿಂತ ಕಂಬಗಳ ಕೆಳಗೆ 'ಗೌತಮ ಬುದ್ಧ ನಗರ', 'ಚಿಕ್ಕಬಳ್ಳಾಪುರ'ದಂಥ ಹೆಸರು ಹಿಡಿಸುವುದಿಲ್ಲ. ಸಾಫ್ಟ್‌ವೇರ್ ಅವನ್ನು ಓರೆಯಾಗಿ ತಿರುಗಿಸುತ್ತದೆ, ಒತ್ತಕ್ಷರಗಳು ಒಂದಕ್ಕೊಂದು ತಾಗಿ ಓದಲಾಗದಂತಾಗುತ್ತವೆ. ಕಂಬ ಅಡ್ಡ ಮಲಗಿದರೆ ಹೆಸರುಗಳು ಎಡಕ್ಕೆ ನೆಟ್ಟಗೆ ಕೂರುತ್ತವೆ. ಜೊತೆಗೆ ಅಕಾರಾದಿ ಬಿಟ್ಟು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಸ್ವಿಟ್ಜರ್ಲೆಂಡಿನ ಐಕ್ಯೂಏರ್ ಕಂಪನಿಯ 2024ರ ವರದಿಯಲ್ಲಿ ಜಗತ್ತಿನ ಅತಿ ಮಲಿನ 20 ನಗರಗಳ ಪೈಕಿ 13 ಭಾರತದವು, ಮೊದಲ ಸ್ಥಾನ ಮೇಘಾಲಯದ ಬರ್ನಿಹಾಟ್‌ಗೆ, ಗ್ರೇಟರ್ ನೋಯ್ಡಾವೂ ಪಟ್ಟಿಯಲ್ಲಿತ್ತು. ಇಂಥ ಪಟ್ಟಿಗೆ ಅಡ್ಡ ಕಂಬವೇ ಸರಿ: 19 ಕಂಬ ಬೂದು, ನಿಮ್ಮ ಊರಿನದು ಮಾತ್ರ ಬಣ್ಣ.

ವೃತ್ತದ ಹೋಳುಗಳು

ಪೈ ಚಾರ್ಟನ್ನು ಜರೆಯುವುದು ಈಗ ರೂಢಿ. ನಾನು ಪೂರ್ತಿ ಒಪ್ಪುವುದಿಲ್ಲ. ಒಂದು ಇಡಿಯಾದ ವಸ್ತುವಿನಲ್ಲಿ ಎರಡು ಮೂರು ಪಾಲು ಎಷ್ಟೆಷ್ಟು ಎಂಬುದಕ್ಕೆ ಪೈ ಚೆನ್ನಾಗಿಯೇ ಒದಗುತ್ತದೆ. ಗೌತಮ ಬುದ್ಧ ನಗರದ ಜನರಲ್ಲಿ 2011ರಲ್ಲಿ ಶೇ 59ರಷ್ಟು ಮಂದಿ ನಗರವಾಸಿಗಳು, ಉಳಿದ 41 ಹಳ್ಳಿಗಳವರು. ಎರಡು ಹೋಳಿನ ವೃತ್ತ ನೋಡಿದ ತಕ್ಷಣ 'ಅರ್ಧಕ್ಕಿಂತ ಹೆಚ್ಚು' ಎಂದು ತಿಳಿಯುತ್ತದೆ.

ತೊಂದರೆ ಬರುವುದು ಹೋಳುಗಳು ಹೆಚ್ಚಾದಾಗ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ಜನ ಅತಿ ನಿಖರವಾಗಿ ಹೋಲಿಸಿದರು. ಕೋನ, ವಿಸ್ತೀರ್ಣಗಳನ್ನು ಅಳೆಯುವಲ್ಲಿ ಹಿಂದೆ ಬಿದ್ದರು. ಅಪಾರ್ಟ್‌ಮೆಂಟಿನ ನಿರ್ವಹಣಾ ವೆಚ್ಚವನ್ನು ಭದ್ರತೆ, ಲಿಫ್ಟ್, ಜನರೇಟರ್ ಡೀಸೆಲ್, ನೀರು, ಸ್ವಚ್ಛತೆ, ತೋಟ ಎಂದು ಎಂಟು ಹತ್ತು ಹೋಳು ಮಾಡಿ ಮಹಾಸಭೆಯಲ್ಲಿ ತೋರಿಸಿದರೆ, ಲಿಫ್ಟ್ ದೊಡ್ಡದೋ ಡೀಸೆಲ್ ದೊಡ್ಡದೋ ಎಂದು ಯಾರಿಗೂ ಹೇಳಲಾಗದು. ಅದೇ ಅಂಕಿಗಳನ್ನು ಅಡ್ಡ ಕಂಬ ಮಾಡಿದರೆ ಹಿಂದಿನ ಸಾಲಿನಲ್ಲಿ ಕೂತ ಹಿರಿಯರೂ ಓದುತ್ತಾರೆ. ಮೂರು ಆಯಾಮದ ಪೈ ಅಂತೂ ಬೇಡವೇ ಬೇಡ. ಮುಂದಕ್ಕೆ ಬಾಗಿದ ಹೋಳಿಗೆ ದಪ್ಪ ಅಂಚು ಸೇರಿ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹೋಳುಗಳ ಮೊತ್ತ ನೂರಾಗದಿದ್ದರೆ ಅದು ಪೈಗೆ ಸೇರಿದ ವಿಷಯವಲ್ಲ. ಮೇಲಿನ ಸಾಕ್ಷರತೆಯ 88 ಮತ್ತು 71ನ್ನು ವೃತ್ತದಲ್ಲಿ ಹಾಕಿದ ಸ್ಲೈಡುಗಳು ಓಡಾಡುವುದುಂಟು. ಅವೆರಡೂ ಬೇರೆ ಬೇರೆ ನೂರುಗಳ ಪಾಲು. ಇನ್ನು ಎರಡು ಮೂರು ಊರುಗಳ ಪಾಲುಗಳನ್ನು ಹೋಲಿಸಬೇಕೆಂದರೆ ಪಕ್ಕ ಪಕ್ಕ ವೃತ್ತಗಳನ್ನು ಇಡಬೇಡಿ. ಒಂದೇ ಉದ್ದದ ಅಡ್ಡ ಪಟ್ಟಿಗಳನ್ನು ಒಂದರ ಕೆಳಗೊಂದು ಇಟ್ಟು ಒಳಗೆ ಪಾಲು ಮಾಡಿ. ನಗರವಾಸಿಗಳ ಪಾಲು ಈ ಜಿಲ್ಲೆಯಲ್ಲಿ 59, ಕರ್ನಾಟಕದಲ್ಲಿ ಸುಮಾರು 39, ಉತ್ತರ ಪ್ರದೇಶದಲ್ಲಿ 22. ಮೂರು ಪಟ್ಟಿಗಳಲ್ಲಿ ಇದು ಮೆಟ್ಟಿಲಿನಂತೆ ಇಳಿಯುವುದು ಕಾಣುತ್ತದೆ.

ಸರಾಸರಿ ಮುಚ್ಚಿಡುವುದನ್ನು ತೆರೆಯಲು

ಗಾಳಿಗೆ ಮರಳೋಣ. 'ವರ್ಷದ ಸರಾಸರಿ ಇಷ್ಟು' ಎಂಬ ಒಂದೇ ಅಂಕಿಯಲ್ಲಿ ಮಳೆಗಾಲದ ನಿರ್ಮಲ ದಿನಗಳೂ ಚಳಿಗಾಲದ ಉಸಿರುಗಟ್ಟುವ ದಿನಗಳೂ ಕರಗಿಹೋಗಿರುತ್ತವೆ. ಅವನ್ನು ಬಿಡಿಸಿ ತೋರಿಸುವುದು ಹಿಸ್ಟೋಗ್ರಾಂ. ಪಿಎಂ 2.5ರ ಅಳತೆಯನ್ನು 30-30 ಮೈಕ್ರೋಗ್ರಾಂನ ಸಮ ಗುಂಪುಗಳಾಗಿ ಒಡೆದು, ಪ್ರತಿ ಗುಂಪಿನಲ್ಲಿ ವರ್ಷದ ಎಷ್ಟು ದಿನ ಬಿದ್ದವು ಎಂದು ಎಣಿಸಿ. ಕಂಬಗಳ ನಡುವೆ ಜಾಗ ಇರಕೂಡದು, ಏಕೆಂದರೆ ಅಳತೆ ಒಂದು ಗುಂಪಿನಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹರಿಯುತ್ತದೆ. ಬಲಕ್ಕೆ ದೂರದವರೆಗೆ ಚಾಚುವ ಬಾಲವೇ ಚಳಿಗಾಲದ ದಿನಗಳು. ಇಲ್ಲಿ ಎಕ್ಯೂಐನ ಆರು ವರ್ಗಗಳನ್ನು ಗುಂಪಾಗಿ ಬಳಸಬೇಡಿ. 'ಕಳಪೆ' ವರ್ಗದ ಅಗಲ 30 ಮೈಕ್ರೋಗ್ರಾಂ, 'ಅತಿ ಕಳಪೆ'ಯದು 130. ಅಗಲ ಬೇರೆಯಾದ ಗುಂಪುಗಳನ್ನು ಒಂದೇ ಅಗಲದ ಕಂಬ ಮಾಡಿದರೆ ಆಕಾರ ಕೆಡುತ್ತದೆ. 'ವರ್ಷದಲ್ಲಿ ಎಷ್ಟು ದಿನ ಅತಿ ಕಳಪೆ?' ಎಂಬ ಪ್ರಶ್ನೆಗಾದರೆ ಆರು ಬಿಡಿ ಕಂಬಗಳ ಸಾಧಾರಣ ಬಾರ್ ಚಾರ್ಟ್ ಸಾಕು.

ಜಾನ್ ಟ್ಯೂಕಿ 1970ರ ದಶಕದಲ್ಲಿ ಬಳಕೆಗೆ ತಂದ ಬಾಕ್ಸ್ ಪ್ಲಾಟ್ ಇದರ ಸಂಕ್ಷಿಪ್ತ ರೂಪ. ಪೆಟ್ಟಿಗೆಯೊಳಗೆ ನಡುವಿನ ಅರ್ಧದಷ್ಟು ದಿನಗಳು, ಅಡ್ಡಗೆರೆ ಮಧ್ಯಾಂಕ. ಹನ್ನೆರಡು ತಿಂಗಳಿಗೆ ಹನ್ನೆರಡು ಪೆಟ್ಟಿಗೆ ಸಾಲಾಗಿ ನಿಲ್ಲಿಸಿದರೆ ಅಪ್ಪ ಅಮ್ಮನನ್ನು ಯಾವ ತಿಂಗಳು ಕರೆಸಬೇಕೆಂಬ ಪ್ರಶ್ನೆ ಬಗೆಹರಿಯುತ್ತದೆ. ಆದರೆ ಓದುವುದನ್ನು ಮೊದಲೇ ಕಲಿತವರಿಗೆ ಮಾತ್ರ ಇದು ಸಲೀಸು. ವಾಟ್ಸ್‌ಆ್ಯಪ್ ಗುಂಪಿಗೆ ಹಿಸ್ಟೋಗ್ರಾಂ ವಾಸಿ.

ಮಗುವನ್ನು ಎಷ್ಟು ಹೊತ್ತಿಗೆ ಆಟಕ್ಕೆ ಬಿಡುವುದು?

ನನ್ನ ದೃಷ್ಟಿಯಲ್ಲಿ ಈ ಊರಿನ ಮನೆಗಳಿಗೆ ಅತಿ ಹೆಚ್ಚು ಉಪಯೋಗದ ಚಾರ್ಟು ಹೀಟ್‌ಮ್ಯಾಪ್. ಅದನ್ನು ಮಾಡುವವರು ಕಡಿಮೆ. ಒಂದು ಕೋಷ್ಟಕ ಮಾಡಿ. ಹನ್ನೆರಡು ಸಾಲುಗಳಲ್ಲಿ ತಿಂಗಳು, ಇಪ್ಪತ್ನಾಲ್ಕು ಕಾಲಂಗಳಲ್ಲಿ ದಿನದ ಗಂಟೆ. ಒಟ್ಟು 288 ಕೋಶ. ಪ್ರತಿ ಕೋಶದಲ್ಲಿ ಆ ತಿಂಗಳ ಆ ಗಂಟೆಯ ಪಿಎಂ 2.5 ಸರಾಸರಿ, ಅಂಕಿಯ ಬದಲು ಬಣ್ಣದಲ್ಲಿ. ಕೇಂದ್ರ ಮಂಡಳಿಯ ಜಾಲತಾಣದಿಂದ ಗಂಟೆವಾರು ಅಂಕಿ ಇಳಿಸಿ, ದಿನಾಂಕದಿಂದ ತಿಂಗಳನ್ನೂ ಗಂಟೆಯನ್ನೂ ಬೇರ್ಪಡಿಸಿ, ಪಿವಟ್ ಟೇಬಲ್ ಮಾಡಿ, ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಕಲರ್ ಸ್ಕೇಲ್ ಕೊಟ್ಟರೆ ಮುಗಿಯಿತು.

ಚಳಿಗಾಲದ ಸಾಲುಗಳಲ್ಲಿ ರಾತ್ರಿ ಮತ್ತು ಬೆಳಗಿನ ಕೋಶಗಳು ಗಾಢವಾಗಿ, ಮಧ್ಯಾಹ್ನದವು ತಿಳಿಯಾಗಿ ಬರುತ್ತವೆ. ಕಾರಣ ಸರಳ. ರಾತ್ರಿ ನೆಲ ತಣ್ಣಗಾಗಿ, ಅದಕ್ಕಂಟಿದ ಗಾಳಿಯೂ ತಣ್ಣಗಾಗುತ್ತದೆ. ಮೇಲಿರುವ ಬೆಚ್ಚನೆಯ ಗಾಳಿ ಅದನ್ನು ಏಳಲು ಬಿಡುವುದಿಲ್ಲ. ಹೊಗೆ, ದೂಳು ಎಲ್ಲವೂ ಕೆಳಗೇ ಉಳಿಯುತ್ತವೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ಮೇಲಕ್ಕೆ ಕಲಸಿಕೊಂಡು ದಟ್ಟಣೆ ಇಳಿಯುತ್ತದೆ. ಬೆಳಗಿನ ಜಾವದ ವಾಕಿಂಗ್ ಆರೋಗ್ಯಕ್ಕೆ ಒಳ್ಳೆಯದೆಂದು ಊರಿನಲ್ಲಿ ರೂಢಿಸಿಕೊಂಡ ಹಿರಿಯರಿಗೆ ಡಿಸೆಂಬರ್‌ನ ಗ್ರೇಟರ್ ನೋಯ್ಡಾದಲ್ಲಿ ಅದು ಯಾಕೆ ಬೇಡವೆಂದು ವಿವರಿಸಲು ಈ ಒಂದು ಚಿತ್ರ ಸಾಕು.

ಬಣ್ಣದ ವಿಷಯದಲ್ಲಿ ಒಂದು ಮಾತು. ಸರ್ಕಾರಿ ಎಕ್ಯೂಐ ಹಸಿರಿನಿಂದ ಕೆಂಪಿಗೆ ಹೋಗುತ್ತದೆ. ಕೆಂಪು ಹಸಿರು ಬೇರ್ಪಡಿಸಲಾಗದ ಕಣ್ಣಿನವರು, ಅದರಲ್ಲೂ ಗಂಡಸರಲ್ಲಿ, ಇದ್ದೇ ಇರುತ್ತಾರೆ. ಮನೆಯ ಕಪ್ಪು-ಬಿಳುಪು ಪ್ರಿಂಟರಿನಲ್ಲೂ ಎರಡೂ ಒಂದೇ ಬೂದಾಗಬಹುದು. ತಿಳಿ ಹಳದಿಯಿಂದ ಗಾಢ ಕಂದಿಗೆ ಹೋಗುವ ಒಂದೇ ದಿಕ್ಕಿನ ಬಣ್ಣ ಎಲ್ಲರಿಗೂ ಕೆಲಸಕ್ಕೆ ಬರುತ್ತದೆ.

ಎರಡು ಅಳತೆಗಳ ನಂಟು

ಗಾಳಿ ಬೀಸಿದ ದಿನ ಮಾಲಿನ್ಯ ಕಡಿಮೆಯೆ? ಇದಕ್ಕೆ ಸ್ಕ್ಯಾಟರ್ ಪ್ಲಾಟ್. ಅಡ್ಡ ಅಕ್ಷದಲ್ಲಿ ಗಾಳಿಯ ವೇಗ, ಲಂಬ ಅಕ್ಷದಲ್ಲಿ ಪಿಎಂ 2.5, ಒಂದೊಂದು ದಿನಕ್ಕೆ ಒಂದೊಂದು ಚುಕ್ಕಿ. 'ಸಹಸಂಬಂಧ ಇಷ್ಟು' ಎಂಬ ಅಂಕಿ ಸಿಕ್ಕಿದ ಮೇಲೆ ಚಿತ್ರ ಯಾಕೆ ಎನ್ನುವವರಿಗೆ ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲೇ ಉತ್ತರ ಕೊಟ್ಟಿದ್ದಾನೆ. ಹನ್ನೊಂದು ಹನ್ನೊಂದು ಬಿಂದುಗಳ ನಾಲ್ಕು ಕಂತೆಗಳನ್ನು ಆತ ರಚಿಸಿದ. ನಾಲ್ಕರ ಸರಾಸರಿಗಳೂ ಒಂದೇ, ಸಹಸಂಬಂಧವೂ ಸುಮಾರು 0.816. ಚಿತ್ರ ಬರೆದರೆ ಒಂದು ನೇರ ಸಾಲು, ಒಂದು ಬಾಗಿದ ಕಮಾನು, ಉಳಿದೆರಡನ್ನು ಒಂದೊಂದು ಒಂಟಿ ಬಿಂದು ಎಳೆದಾಡುತ್ತಿದೆ. ಸ್ಕ್ಯಾಟರ್ ನಂಟನ್ನು ತೋರಿಸುತ್ತದೆಯೇ ಹೊರತು ಕಾರಣವನ್ನಲ್ಲ. ಕಂಬಳಿ ಮಾರಾಟದ ಅಂಕಿ ಹಾಕಿದರೂ ಮಾಲಿನ್ಯದ ಜೊತೆ ಒಳ್ಳೆಯ ಸಾಲೇ ಬರುತ್ತದೆ. ಎರಡಕ್ಕೂ ಚಳಿಯೇ ಮೂಲ.

ಎರಡು ಬೇರೆ ಅಳತೆಗಳನ್ನು ಎಡಕ್ಕೊಂದು ಬಲಕ್ಕೊಂದು ಲಂಬ ಅಕ್ಷ ಇಟ್ಟು ಎರಡು ಗೆರೆಗಳಲ್ಲಿ ತೋರಿಸುವ ಅಭ್ಯಾಸವನ್ನು ನಾನು ಎಲ್ಲಿ ಕಂಡರೂ ವಿರೋಧಿಸುತ್ತೇನೆ. ಅಕ್ಷವನ್ನು ಹಿಗ್ಗಿಸಿ ಕುಗ್ಗಿಸಿ ಯಾವ ಎರಡು ಗೆರೆಗಳನ್ನಾದರೂ ಜೊತೆಯಾಗಿ ನಡೆಸಬಹುದು.

ನಕ್ಷೆ ಮತ್ತು ಊರಿನ ಹೋಲಿಕೆ

ಇಡೀ ನಗರಕ್ಕೆ ಬಣ್ಣ ಬಳಿದ ಮಾಲಿನ್ಯ ನಕ್ಷೆಗಳು ನೋಡಲು ಗಂಭೀರವಾಗಿರುತ್ತವೆ. ಕೈಯಲ್ಲಿರುವುದು ಎರಡು ಕೇಂದ್ರಗಳ ಅಂಕಿಯಾದರೆ ಎರಡು ಚುಕ್ಕಿ ಇಡುವ ಹಕ್ಕಷ್ಟೇ ನಮಗಿದೆ. 1854ರಲ್ಲಿ ಲಂಡನ್ನಿನ ಕಾಲರಾ ಸಾವುಗಳನ್ನು ಗುರುತಿಸಿದ ಜಾನ್ ಸ್ನೋ ಸಾವು ಸಂಭವಿಸಿದ ಮನೆಗಳ ಬಳಿ ಮಾತ್ರ ಗುರುತು ಹಾಕಿದ, ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಅವು ಗುಂಪುಗಟ್ಟಿದ್ದು ತಾನಾಗಿ ಕಂಡಿತು. ಪ್ರತಿ ನಕ್ಷೆಯೂ ದೂರವನ್ನು ಸರಿಯಾಗಿ ತೋರಿಸಲೇಬೇಕೆಂದೂ ಇಲ್ಲ. 2019ರ ಜನವರಿಯಲ್ಲಿ ಶುರುವಾದ ಇಲ್ಲಿನ ಅಕ್ವಾ ಲೈನ್ ಮೆಟ್ರೋ 29.7 ಕಿ.ಮೀ. ಉದ್ದಕ್ಕೆ 21 ನಿಲ್ದಾಣಗಳನ್ನು ಪೋಣಿಸಿದೆ. ಅದನ್ನು ಸಮ ಅಂತರದ ಚುಕ್ಕಿಗಳಲ್ಲಿ ಬರೆದರೂ ಪ್ರಯಾಣಿಕನಿಗೆ ನಷ್ಟವಿಲ್ಲ. ಆತನ ಪ್ರಶ್ನೆ 'ಪರಿ ಚೌಕ್ ಆದ ಮೇಲೆ ಯಾವುದು' ಎಂಬುದು, ಎಷ್ಟು ಕಿ.ಮೀ. ಎಂಬುದಲ್ಲ.

ಊರಿನ ಗಾಳಿಗೂ ಇಲ್ಲಿನದಕ್ಕೂ ಹೋಲಿಕೆ ಬೇಕೆನ್ನುವವರಿಗೆ ಕರ್ನಾಟಕದ ಕೇಂದ್ರಗಳ ಅಂಕಿಗಳೂ ಅದೇ ಜಾಲತಾಣದಲ್ಲಿವೆ: ಮಡಿಕೇರಿಯ ಸ್ಟುವರ್ಟ್ ಹಿಲ್, ಶಿವಮೊಗ್ಗದ ವಿನೋಬನಗರ, ಬೆಂಗಳೂರಿನ ಹಲವು. ಎಲ್ಲ ಗೆರೆಗಳನ್ನೂ ಒಂದೇ ಚಿತ್ರದಲ್ಲಿ ತುರುಕದೆ, ಊರಿಗೊಂದು ಪುಟ್ಟ ಚಾರ್ಟು ಮಾಡಿ ಸಾಲಾಗಿ ಇಡಿ. ಲಂಬ ಅಕ್ಷದ ಮಿತಿಯನ್ನು ಎಲ್ಲದಕ್ಕೂ ಒಂದೇ ಮಾಡಿ, ಕೈಯಾರೆ ತುಂಬಿ. ಸಾಫ್ಟ್‌ವೇರಿಗೆ ಬಿಟ್ಟರೆ ಪ್ರತಿ ಚಾರ್ಟಿನ ಅಕ್ಷವನ್ನು ಅದರದರ ಅಂಕಿಗೆ ಹಿಗ್ಗಿಸುತ್ತದೆ. ಮಡಿಕೇರಿಯ ಸಣ್ಣ ಏರಿಳಿತವೂ ಗ್ರೇಟರ್ ನೋಯ್ಡಾದ ಚಳಿಗಾಲವೂ ಒಂದೇ ಎತ್ತರದ ಗುಡ್ಡಗಳಾಗಿ ಕಾಣುತ್ತವೆ.

ಹೆಸರು, ಅಕ್ಷರ, ಇಸವಿ

ಶೀರ್ಷಿಕೆಯಲ್ಲಿ 'ಪಿಎಂ 2.5 ವಿವರ' ಎಂದು ಬರೆದರೆ ಓದುಗನಿಗೆ ಏನೂ ಹೇಳಿದಂತಾಗದು. 'ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಗಾಳಿಯೇ ಕಡಿಮೆ ಮಲಿನ' ಎಂದು ಉತ್ತರವನ್ನೇ ಶೀರ್ಷಿಕೆ ಮಾಡಿ. ಕೆಳಗೆ ಕೇಂದ್ರದ ಹೆಸರು, ಅವಧಿ, ಅಳತೆಯ ಮಾನ ಮತ್ತು ಅಂಕಿ ಎಲ್ಲಿಂದ ಬಂತೆಂಬುದು ಇರಲಿ. ಕನ್ನಡ ಅಕ್ಷರದ ಕೆಳಗೆ ಒತ್ತಕ್ಷರಕ್ಕೆ ಜಾಗ ಬೇಕು, ಆದ್ದರಿಂದ ಇಂಗ್ಲಿಷಿಗಿಂತ ಒಂದೆರಡು ಅಳತೆ ದೊಡ್ಡ ಅಕ್ಷರ, ಸಾಲುಗಳ ನಡುವೆ ಹೆಚ್ಚು ಅಂತರ ಕೊಡಿ. ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಬಳಸಿ, ಕೊನೆಗೆ ಚಿತ್ರವಾಗಿ ಉಳಿಸಿ ಕಳಿಸಿದರೆ ಯಾರ ಮೊಬೈಲಿನಲ್ಲೂ ಅಕ್ಷರ ಒಡೆಯುವುದಿಲ್ಲ.

ಜನಗಣತಿಯ ಅಂಕಿ ಬಳಸುವವರಿಗೆ ಸದ್ಯದಲ್ಲೇ ಒಂದು ಹೊಸ ಸಮಸ್ಯೆ ಎದುರಾಗಲಿದೆ. ಕರ್ನಾಟಕದ ಲಿಂಗಾನುಪಾತ 1961ರಿಂದ ಹತ್ತು ಹತ್ತು ವರ್ಷಕ್ಕೆ 959, 957, 963, 960, 965, 973 ಎಂದು ಬಂದಿದೆ. 2021ರ ಗಣತಿ ನಡೆಯಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1 ಆಧಾರ ದಿನವೆಂದು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಹೊಸ ಅಂಕಿ ಬಂದಾಗ ಅದನ್ನು ಸಾಮಾನ್ಯ ಲೈನ್ ಚಾರ್ಟಿಗೆ ಸೇರಿಸಿದರೆ ಎಕ್ಸೆಲ್ ಇಸವಿಗಳನ್ನು ಬರೀ ಹೆಸರೆಂದು ತಿಳಿದು ಸಮ ಅಂತರದಲ್ಲಿ ಕೂರಿಸುತ್ತದೆ. 16 ವರ್ಷದ ಬದಲಾವಣೆ ಹತ್ತೇ ವರ್ಷದಲ್ಲಿ ಆದಂತೆ ಗೆರೆ ಕಡಿದಾಗಿ ಏರುತ್ತದೆ ಇಲ್ಲವೆ ಇಳಿಯುತ್ತದೆ. ಇದನ್ನು ತಪ್ಪಿಸಲು ಇನ್ಸರ್ಟ್ ಮೆನುವಿನಲ್ಲಿ 'ಲೈನ್' ಬದಲು 'ಸ್ಕ್ಯಾಟರ್ ವಿತ್ ಸ್ಟ್ರೈಟ್ ಲೈನ್ಸ್' ಆರಿಸಿ. ಆಗ ಇಸವಿಗಳು ಸಂಖ್ಯೆಗಳಾಗಿಯೇ ಓದಲ್ಪಟ್ಟು, 2011 ಮತ್ತು 2027ರ ನಡುವೆ ಪೂರ್ತಿ 16 ವರ್ಷದ ಜಾಗ ಬೀಳುತ್ತದೆ.